ನೆತ್ತರಿನ ಸಾಕ್ಷಿ: ಒಂದು ರಕ್ತಪರೀಕ್ಷೆಯ ನೂರು ವರ್ಷಗಳ ಚರಿತ್ರೆ

ಗರ್ಭಿಣಿಯರಿಗೆ ಆಸ್ಪತ್ರೆಯಲ್ಲಿ ಬರೆದುಕೊಡುವ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆಯ ಪ್ರಮಾಣ ಮೊದಲಾದವುಗಳ ನಡುವೆ ವಿ.ಡಿ.ಆರ್.ಎಲ್. ಎಂಬ ನಾಲ್ಕು ಅಕ್ಷರಗಳೂ ಇರುತ್ತವೆ. ಮುಂಬಯಿಯಾಗಲಿ, ಪುಣೆಯಾಗಲಿ, ಚೆನ್ನೈಯಾಗಲಿ, ನಾವು ನೆಲೆಸಿರುವ ಯಾವ ಊರಿನ ಪ್ರಯೋಗಾಲಯದಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ. ವರದಿಯಲ್ಲಿ 'ನಾನ್ ರಿಯಾಕ್ಟಿವ್' ಎಂದಿದ್ದರೆ ಅದನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. 'ರಿಯಾಕ್ಟಿವ್' ಎಂದಿದ್ದರೆ ಮಾತ್ರ ಮನೆಯಲ್ಲಿ ಮೌನ ಕವಿಯುತ್ತದೆ. ಏಕೆಂದರೆ ಇದು ಸಿಫಿಲಿಸ್ ಎಂಬ ಲೈಂಗಿಕ ರೋಗದ ಪರೀಕ್ಷೆ.

ಈ ಪರೀಕ್ಷೆಯ ಹಿಂದಿರುವ ಚರಿತ್ರೆ ವಿಚಿತ್ರವಾದುದು. ರೋಗಾಣುವನ್ನು ಹಿಡಿಯಲೆಂದು ಹೊರಟ ವಿಜ್ಞಾನಿಗಳು ತಮಗರಿವಿಲ್ಲದೆಯೇ ಮನುಷ್ಯದೇಹದ ಒಂದು ಹಳೆಯ ಗುಟ್ಟಿನ ಮೇಲೆ ಕೈಯಿಟ್ಟಿದ್ದರು. ಸೋಂಕು, ಜೀವಕೋಶದೊಳಗಿನ ಮೈಟೊಕಾಂಡ್ರಿಯ ಮತ್ತು ದೇಹವು ತನ್ನ ಮೇಲೆ ತಾನೇ ತಿರುಗಿಬೀಳುವ ಆಟೋಇಮ್ಯೂನ್ ರೋಗ, ಈ ಮೂರೂ ಒಂದೇ ಗಾಜಿನ ನಳಿಕೆಯಲ್ಲಿ ಸೇರಿದ್ದವು. ಅದನ್ನು ಗುರುತಿಸಲು ಮುಕ್ಕಾಲು ಶತಮಾನ ಹಿಡಿಯಿತು. ಆ ನಡುವೆ ಅನೇಕ ಹೆಂಗಸರು ತಮ್ಮದಲ್ಲದ ಕಳಂಕವನ್ನು ಹೊತ್ತರು. ಆದುದರಿಂದ ಈ ಕಥೆ ಕೇವಲ ವೈದ್ಯರ ಕಥೆಯಲ್ಲ.

ಮೊದಲು ಸಿಫಿಲಿಸ್‌ನ ಹೆಸರುಗಳನ್ನೇ ನೋಡಬಹುದು. 1495ರ ಸುಮಾರಿಗೆ, ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್‌ನ ಸೈನ್ಯ ಇಟಲಿಯ ನೇಪಲ್ಸ್ ನಗರವನ್ನು ಹಿಡಿದ ಕಾಲದಲ್ಲಿ ಈ ರೋಗ ಯುರೋಪಿನಲ್ಲಿ ಭುಗಿಲೆದ್ದಿತು. ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರ ರೋಗವೆಂದರು, ರಷ್ಯನ್ನರು ಪೋಲಿಷರ ರೋಗವೆಂದರು. ಪೋರ್ಚುಗೀಸರ ಹಡಗುಗಳ ಹಿಂದೆಯೇ ಅದು ನಮ್ಮ ದೇಶಕ್ಕೂ ಬಂದಿತು. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥವಾದ ಭಾವಮಿಶ್ರನ 'ಭಾವಪ್ರಕಾಶ' ಅದನ್ನು ಫಿರಂಗ ರೋಗವೆಂದು, ಎಂದರೆ ಫರಂಗಿಯವರ ರೋಗವೆಂದು ಕರೆಯಿತು. 'ಸಿಫಿಲಿಸ್' ಎಂಬ ಹೆಸರು ಬಂದದ್ದು ವೆರೋನಾದ ವೈದ್ಯಕವಿ ಫ್ರಕಾಸ್ಟೊರೊ 1530ರಲ್ಲಿ ಪ್ರಕಟಿಸಿದ ಲ್ಯಾಟಿನ್ ಕಾವ್ಯವೊಂದರ ಕುರುಬನ ಹೆಸರಿನಿಂದ. ರೋಗವೆಂಬುದು ಯಾವಾಗಲೂ ಅನ್ಯರದು, ಹೊರಗಿನಿಂದ ಬಂದದ್ದು ಎಂಬ ಭಾವನೆ ಈ ಹೆಸರುಗಳಲ್ಲಿ ಎದ್ದು ಕಾಣುತ್ತದೆ. ಹೊರಗಿನಿಂದ ಬಂದುದಕ್ಕೆ ಮನೆಯೊಳಗೆ ಒಬ್ಬ ಅಪರಾಧಿಯೂ ಬೇಕಾಗುತ್ತಾನೆ. 1881ರಲ್ಲಿ ಇಬ್ಸೆನ್ ಬರೆದ 'ಗೋಸ್ಟ್ಸ್' ನಾಟಕದಲ್ಲಿ ತಂದೆಯ ದುರ್ನಡತೆಯ ಫಲವನ್ನು ಮಗ ಅನುಭವಿಸುತ್ತಾನೆ. ರೋಗ, ವಂಶ ಮತ್ತು ಪಾಪ ಇವು ಮೂರೂ ಒಂದೇ ಹಗ್ಗದ ಎಳೆಗಳೆಂದು ಆ ಕಾಲ ನಂಬಿತ್ತು. ಹಾಗೆ ನಂಬುವುದನ್ನು ನಮ್ಮ ಕಾಲವೂ ಪೂರ್ತಿ ಬಿಟ್ಟಿಲ್ಲ.

1905ರಲ್ಲಿ ಬರ್ಲಿನ್‌ನಲ್ಲಿ ಶಾಡಿನ್ ಮತ್ತು ಹಾಫ್‌ಮನ್ ಎಂಬ ಇಬ್ಬರು ಸಿಫಿಲಿಸ್‌ಗೆ ಕಾರಣವಾದ ಸುರುಳಿಯಾಕಾರದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಮರುವರ್ಷವೇ ಅದೇ ಬರ್ಲಿನ್‌ನಲ್ಲಿ ಆಗಸ್ಟ್ ವಾಸರ್‌ಮನ್, ಆಲ್ಬರ್ಟ್ ನೈಸರ್ ಮತ್ತು ಕಾರ್ಲ್ ಬ್ರುಕ್ ಒಂದು ರಕ್ತಪರೀಕ್ಷೆಯನ್ನು ಪ್ರಕಟಿಸಿದರು. ಅವರ ತರ್ಕ ಸರಳವಾಗಿತ್ತು. ಸೋಂಕು ತಗುಲಿದವರ ರಕ್ತದಲ್ಲಿ ಆ ರೋಗಾಣುವಿನ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆ. ರೋಗಾಣುವಿನ ಅಂಶವನ್ನು ಆ ರಕ್ತಕ್ಕೆ ಬೆರೆಸಿದರೆ ಪ್ರತಿಕಾಯಗಳು ಅದನ್ನು ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದುಕೊಂಡದ್ದು ಪರೀಕ್ಷೆಯಲ್ಲಿ ಗೋಚರವಾಗುತ್ತದೆ. ತೊಡಕೆಂದರೆ ಈ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗುತ್ತಿರಲಿಲ್ಲ. ಆದ್ದರಿಂದ ತಾಯಿಯಿಂದ ಸೋಂಕು ತಗುಲಿ ಸತ್ತು ಹುಟ್ಟಿದ ಶಿಶುಗಳ ಯಕೃತ್ತನ್ನು ಅರೆದು, ಅದರ ಸಾರವನ್ನು ಬಳಸಿದರು. ಆ ಯಕೃತ್ತು ರೋಗಾಣುಗಳಿಂದ ತುಂಬಿರುತ್ತಿತ್ತು. ಪರೀಕ್ಷೆ ಫಲ ಕೊಟ್ಟಿತು. ಕೆಲವೇ ವರ್ಷಗಳಲ್ಲಿ 'ವಾಸರ್‌ಮನ್ ಪರೀಕ್ಷೆ' ಜಗತ್ತಿನ ಎಲ್ಲ ದೊಡ್ಡ ಆಸ್ಪತ್ರೆಗಳಿಗೂ ಹರಡಿತು.

ಆದರೆ ಒಂದು ವರ್ಷ ಕಳೆಯುವುದರೊಳಗೆ ಇರಿಸುಮುರಿಸಿನ ಸಂಗತಿಯೊಂದು ಹೊರಬಿದ್ದಿತು. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅವನ ಸಂಗಡಿಗರು, ಪ್ಯಾರಿಸ್ಸಿನಲ್ಲಿ ಇನ್ನು ಕೆಲವರು, ರೋಗದ ಸೋಂಕೇ ಇಲ್ಲದ ಆರೋಗ್ಯವಂತ ಅಂಗಾಂಶದ ಸಾರವನ್ನು ಬಳಸಿದರೂ ಪರೀಕ್ಷೆ ಅಷ್ಟೇ ಚೆನ್ನಾಗಿ ನಡೆಯುವುದೆಂದು ತೋರಿಸಿದರು. ಪ್ರಾಣಿಗಳ ಹೃದಯದ ಸಾರ ಎಲ್ಲಕ್ಕಿಂತ ಅನುಕೂಲವಾಗಿತ್ತು. ಎಂದರೆ ಸಿಫಿಲಿಸ್ ರೋಗಿಗಳ ರಕ್ತದಲ್ಲಿದ್ದ ಆ ಪ್ರತಿಕಾಯಗಳು ಹಿಡಿಯುತ್ತಿದ್ದುದು ರೋಗಾಣುವಿಗಷ್ಟೇ ಸೇರಿದ ವಸ್ತುವನ್ನಲ್ಲ, ಆರೋಗ್ಯವಂತ ದೇಹದಲ್ಲಿಯೂ ಇರುವ ಯಾವುದೋ ವಸ್ತುವನ್ನು. ಪರೀಕ್ಷೆ ಸರಿಯಾಗಿತ್ತು, ಅದು ಏಕೆ ಸರಿ ಎಂಬ ವಿವರಣೆ ತಪ್ಪಾಗಿತ್ತು. ಪೋಲೆಂಡಿನ ವೈದ್ಯ ಲುಡ್ವಿಕ್ ಫ್ಲೆಕ್ 1935ರಲ್ಲಿ ಪ್ರಕಟಿಸಿದ ಗ್ರಂಥವೊಂದು ಇದೇ ಪರೀಕ್ಷೆಯ ಕಥೆಯನ್ನು ಎತ್ತಿಕೊಂಡು, ವೈಜ್ಞಾನಿಕ ಸತ್ಯವೆಂಬುದು ಒಂದು ಸಮುದಾಯದ ಯೋಚನೆಯ ರೀತಿಯಿಂದ ಹೇಗೆ ರೂಪುಗೊಳ್ಳುತ್ತದೆಂದು ಚರ್ಚಿಸಿತು. ಆಗ ಹೆಚ್ಚಿನವರು ಓದದೆ ಬಿಟ್ಟ ಆ ಪುಸ್ತಕ ಇಂದು ವಿಜ್ಞಾನದ ಚರಿತ್ರಕಾರರಿಗೆ ಆಕರಗ್ರಂಥವಾಗಿದೆ.

ಆ ಕಾಲದ ಯೋಚನೆಯ ರೀತಿ ಯಾವುದಾಗಿತ್ತು? ಜರ್ಮನಿಯ ಪಾಲ್ ಎರ್ಲಿಕ್ 1900ರ ಆಸುಪಾಸಿನಲ್ಲಿ ಆಡುಗಳ ಮೇಲೆ ಪ್ರಯೋಗ ನಡೆಸಿದ್ದನು. ಒಂದು ಆಡಿನ ರಕ್ತವನ್ನು ಇನ್ನೊಂದಕ್ಕೆ ಚುಚ್ಚಿದರೆ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತಿದ್ದವು. ಆದರೆ ತನ್ನ ಸ್ವಂತ ರಕ್ತದ ವಿರುದ್ಧ ಯಾವ ಆಡೂ ಪ್ರತಿಕಾಯವನ್ನು ಹುಟ್ಟಿಸಲಿಲ್ಲ. ದೇಹಕ್ಕೆ ತನ್ನನ್ನು ತಾನು ವಿಷಪೂರಿತಗೊಳಿಸಿಕೊಳ್ಳುವ ಬಗ್ಗೆ ಒಂದು ಸಹಜ ಭೀತಿಯಿದೆ ಎಂದು ಅವನು ತೀರ್ಮಾನಿಸಿದನು. 1908ರಲ್ಲಿ ನೊಬೆಲ್ ಪಡೆದ ಮಹನೀಯನ ಮಾತು. ಅದಕ್ಕೆ ಶಾಸನದ ಬೆಲೆ ಬಂದಿತು. ನಮ್ಮ ಹಳ್ಳಿಗಳಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತಿದೆ. ದೇಹದಲ್ಲಿ ಹಾಗಾಗುವುದು ಸಾಧ್ಯವೇ ಇಲ್ಲವೆಂದು ಎರ್ಲಿಕ್‌ನ ನಂತರದ ಒಂದು ತಲೆಮಾರು ನಂಬಿತು. ಲ್ಯಾಂಡ್‌ಸ್ಟೈನರ್ ಮತ್ತು ಡೊನಾತ್ 1904ರಲ್ಲಿಯೇ ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಕೊಟ್ಟಿದ್ದರು. ಚಳಿಗೆ ಮೈಯೊಡ್ಡಿದೊಡನೆ ಕೆಂಪು ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುವ ರೋಗವೊಂದರಲ್ಲಿ, ರೋಗಿಯ ಸ್ವಂತ ಪ್ರತಿಕಾಯಗಳೇ ಅವನ ರಕ್ತಕಣಗಳನ್ನು ಒಡೆಯುತ್ತಿದ್ದವು. ಆ ಕಾಲದಲ್ಲಿ ಈ ರೋಗ ಬಹುಮಟ್ಟಿಗೆ ಕಾಣುತ್ತಿದ್ದುದು ಸಿಫಿಲಿಸ್ ಇದ್ದವರಲ್ಲಿಯೇ. ಸೋಂಕಿಗೂ ದೇಹದ ಆತ್ಮದ್ರೋಹಕ್ಕೂ ಇರುವ ನಂಟಿನ ಮೊದಲ ಗಟ್ಟಿ ಪುರಾವೆ ಅದು. ಅದನ್ನು ಅಪರೂಪದ ವಿಲಕ್ಷಣವೆಂದು ಬದಿಗಿಟ್ಟರು.

ಹೃದಯದ ಸಾರದಲ್ಲಿದ್ದ ಆ ವಸ್ತು ಯಾವುದೆಂಬುದು ತಿಳಿದದ್ದು 1941ರಲ್ಲಿ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಿದ್ದ ಮೇರಿ ಪ್ಯಾಂಗ್‌ಬಾರ್ನ್ ಎಂಬ ರಸಾಯನ ವಿಜ್ಞಾನಿ ದನದ ಹೃದಯದಿಂದ ರಂಜಕವುಳ್ಳ ಒಂದು ಕೊಬ್ಬನ್ನು ಶುದ್ಧವಾಗಿ ಬೇರ್ಪಡಿಸಿದಳು. ಹೃದಯದಿಂದ ಬಂದದ್ದರಿಂದ ಅದಕ್ಕೆ ಕಾರ್ಡಿಯೋಲಿಪಿನ್ ಎಂದು ಹೆಸರಾಯಿತು. ಐದು ವರ್ಷಗಳ ನಂತರ, 1946ರಲ್ಲಿ, ಅಮೆರಿಕದ ಸರಕಾರಿ ಲೈಂಗಿಕ ರೋಗ ಸಂಶೋಧನಾ ಪ್ರಯೋಗಾಲಯವು ಕಾರ್ಡಿಯೋಲಿಪಿನ್, ಲೆಸಿಥಿನ್ ಮತ್ತು ಕೊಲೆಸ್ಟರಾಲ್‌ಗಳ ಮಿಶ್ರಣದಿಂದ ಅಗ್ಗವೂ ಶೀಘ್ರವೂ ಆದ ಪರೀಕ್ಷೆಯೊಂದನ್ನು ರೂಪಿಸಿತು. ಆ ಪ್ರಯೋಗಾಲಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ವಿ.ಡಿ.ಆರ್.ಎಲ್. ಇಂದು ನಮ್ಮ ಊರುಗಳಲ್ಲಿ ನಡೆಯುವ ಪರೀಕ್ಷೆ ಇದೇ.

ಇಲ್ಲಿಂದ ಮುಂದೆ ಕಥೆ ಪ್ರಯೋಗಾಲಯದಿಂದ ಮದುವೆಯ ಮನೆಗೆ ಬರುತ್ತದೆ. 1935ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯವು, ಮದುವೆಗೆ ಮುನ್ನ ವಧೂವರರಿಬ್ಬರೂ ಸಿಫಿಲಿಸ್‌ಗಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದೆಂದು ಕಾನೂನು ಮಾಡಿತು. ಸರ್ಜನ್ ಜನರಲ್ ಥಾಮಸ್ ಪ್ಯಾರನ್‌ನ ಆಂದೋಲನದ ಬಲದಿಂದ ಒಂದರ ಹಿಂದೊಂದು ರಾಜ್ಯಗಳು ಅದೇ ದಾರಿ ಹಿಡಿದವು. ಸೈನ್ಯಕ್ಕೆ ಸೇರುವವರಿಗೂ ಗರ್ಭಿಣಿಯರಿಗೂ ಪರೀಕ್ಷೆ ಕಡ್ಡಾಯವಾಗುತ್ತ ಬಂದಿತು. ಉದ್ದೇಶ ಒಳ್ಳೆಯದೇ, ತಾಯಿಯ ಸೋಂಕಿನಿಂದ ಸಾಯುತ್ತಿದ್ದ ಶಿಶುಗಳನ್ನು ಉಳಿಸುವುದು ಅದರಲ್ಲಿ ಮುಖ್ಯವಾದುದು. ಆದರೆ ರೋಗದ ಸಂದೇಹವಿದ್ದವರಿಗೆ ಮಾಡುವ ಪರೀಕ್ಷೆಯನ್ನು ಆರೋಗ್ಯವಂತರ ಇಡೀ ಸಮೂಹಕ್ಕೆ ಮಾಡಿದಾಗ ಅದರ ಸ್ವಭಾವವೇ ಬದಲಾಗುತ್ತದೆ. ಯಾವ ಸೋಂಕಿನ ಇತಿಹಾಸವೂ ಇಲ್ಲದ, ಸಂಶಯಕ್ಕೆ ಯಾವ ಆಸ್ಪದವೂ ಇಲ್ಲದ ಅನೇಕರ ರಕ್ತ, ಅದರಲ್ಲಿಯೂ ಎಳೆಯ ವಯಸ್ಸಿನ ಹೆಂಗಸರ ರಕ್ತ, ಪರೀಕ್ಷೆಯಲ್ಲಿ 'ಹೌದು' ಎಂದಿತು. ಮಲೇರಿಯಾ ಮತ್ತು ಕುಷ್ಠರೋಗಗಳಲ್ಲಿಯೂ ಹೀಗಾಗುವುದುಂಟೆಂದು ವೈದ್ಯರಿಗೆ ತಿಳಿದಿತ್ತು. ಆದರೆ ಈ ಹೆಂಗಸರಿಗೆ ಅವೂ ಇರಲಿಲ್ಲ.

ಕಾಗದದ ಮೇಲಿನ ಒಂದು ಪದಕ್ಕೆ ಎಂಥ ಬಲವಿದೆ ಎಂಬುದು ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ದಾಖಲಾದದ್ದನ್ನು ಅಳಿಸುವುದು ಕಷ್ಟ. ಅದರ ವಿರುದ್ಧ ಮಾತನಾಡುವವರೇ ಸುಳ್ಳು ಹೇಳುತ್ತಿರುವಂತೆ ತೋರುತ್ತದೆ. ಪರೀಕ್ಷೆಯೇ ತಪ್ಪಿರಬಹುದೆಂದು ಹೇಳಲು ಆಗ ಬೇರೆ ಪರೀಕ್ಷೆಯೂ ಇರಲಿಲ್ಲ. ವಿವಾಹಗಳು ಮುಂದೆ ಹೋದವು, ಗಂಡಹೆಂಡಿರ ನಡುವೆ ಸಂಶಯ ಹುಟ್ಟಿತು, ಇಲ್ಲದ ರೋಗಕ್ಕೆ ಆರ್ಸೆನಿಕ್ ಬೆರೆತ ಔಷಧಿಗಳ ಕಠಿಣ ಚಿಕಿತ್ಸೆ ನಡೆಯಿತು. 1949ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ನೆಲ್ಸನ್ ಮತ್ತು ಮೇಯರ್, ಸಿಫಿಲಿಸ್‌ನ ಜೀವಂತ ರೋಗಾಣುವನ್ನೇ ಬಳಸುವ ಪರೀಕ್ಷೆಯೊಂದನ್ನು ಕಂಡುಹಿಡಿದರು. ನಿಜವಾಗಿ ಸೋಂಕಿದ್ದವರ ರಕ್ತದ ಸಾರವನ್ನು ಬೆರೆಸಿದರೆ ರೋಗಾಣುವಿನ ಚಲನೆ ನಿಂತುಹೋಗುತ್ತಿತ್ತು. ಈಗ ಎರಡು ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸಬಹುದಾಯಿತು. ಹಳೆಯ ಪರೀಕ್ಷೆ 'ಹೌದು' ಎಂದ ಅನೇಕರಲ್ಲಿ ಹೊಸ ಪರೀಕ್ಷೆ 'ಇಲ್ಲ' ಎಂದಿತು.

ಅದೇ ಸಂಸ್ಥೆಯ ಜೋಸೆಫ್ ಅರ್ಲ್ ಮೂರ್ ಎಂಬ ವೈದ್ಯನು ಇಲ್ಲಿಗೇ ನಿಲ್ಲಲಿಲ್ಲ. 'ಸುಳ್ಳು ಫಲಿತಾಂಶ' ಎಂದು ಹಣೆಪಟ್ಟಿ ಹಚ್ಚಿ ಕಡತ ಮುಚ್ಚಿಬಿಡುವುದು ಸುಲಭವಿತ್ತು. ಅವನು ಆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದನು. 1952ರಿಂದ ಅವನೂ ಅವನ ಸಹೋದ್ಯೋಗಿಗಳೂ ಪ್ರಕಟಿಸಿದ ಲೇಖನಗಳು ಒಂದು ಸಂಗತಿಯನ್ನು ಸ್ಪಷ್ಟಪಡಿಸಿದವು. ಸುಳ್ಳು ಫಲಿತಾಂಶ ಕೆಲವರಲ್ಲಿ ಯಾವುದೋ ಜ್ವರದ ಬೆನ್ನಿಗೆ ಬಂದು ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. ಇನ್ನು ಕೆಲವರಲ್ಲಿ ಅದು ವರ್ಷಗಳ ಕಾಲ ಉಳಿಯುತ್ತದೆ. ಹೀಗೆ ಉಳಿದವರಲ್ಲಿ ಬಹುಪಾಲು ಹೆಂಗಸರು. ಅವರಲ್ಲಿ ಕೆಲವರಿಗೆ ಮುಂದೆ ಲೂಪಸ್ ಎಂಬ ರೋಗ ಕಾಣಿಸಿಕೊಂಡಿತು. ಅದೇ ವರ್ಷ ಹ್ಯಾಸರಿಕ್ ಮತ್ತು ಲಾಂಗ್ ಎಂಬ ವೈದ್ಯರು ಇಂತಹ ಐವರು ರೋಗಿಗಳನ್ನು ವರ್ಣಿಸಿದರು. ಲೂಪಸ್ ಎಂದರೆ ಚರ್ಮ, ಕೀಲು, ಮೂತ್ರಪಿಂಡ, ರಕ್ತ ಹೀಗೆ ದೇಹದ ಅನೇಕ ಅಂಗಗಳ ಮೇಲೆ ರೋಗನಿರೋಧಕ ಶಕ್ತಿಯೇ ದಾಳಿಮಾಡುವ ರೋಗ. ಅದಕ್ಕೆ ತುತ್ತಾಗುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ. ಹೀಗೆ ಎರ್ಲಿಕ್ ಅಸಾಧ್ಯವೆಂದ ಆತ್ಮದ್ರೋಹವು, ಮದುವೆಗೆ ಮುಂಚಿನ ಒಂದು ರಕ್ತಪರೀಕ್ಷೆಯ ಕಾಗದದಲ್ಲಿ ರೋಗಕ್ಕಿಂತ ವರ್ಷಗಳ ಮುಂಚೆಯೇ ಸಹಿ ಹಾಕಿ ಹೋಗಿತ್ತು. ನೆತ್ತರು ಸುಳ್ಳು ಹೇಳಿರಲಿಲ್ಲ. ಕೇಳಿದವರು ಬೇರೆ ಪ್ರಶ್ನೆ ಕೇಳಿದ್ದರು.

ಇದರ ಉತ್ತರಾರ್ಧ ನಡೆದದ್ದು ಲಂಡನ್ನಿನಲ್ಲಿ. ಲೂಪಸ್ ಇದ್ದ ಕೆಲವು ಹೆಂಗಸರ ರಕ್ತ ಪ್ರಯೋಗಾಲಯದ ನಳಿಕೆಯಲ್ಲಿ ತಡವಾಗಿ ಹೆಪ್ಪುಗಟ್ಟುತ್ತಿತ್ತು, ಅವರ ದೇಹದೊಳಗೆ ಮಾತ್ರ ಬೇಡದ ಕಡೆ ಹೆಪ್ಪುಗಟ್ಟಿ ಕಾಲಿನ ರಕ್ತನಾಳವನ್ನೋ ಮಿದುಳಿನ ರಕ್ತನಾಳವನ್ನೋ ಮುಚ್ಚುತ್ತಿತ್ತು. ಹಲವರಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತಿತ್ತು. 1983ರಲ್ಲಿ ಗ್ರಹಾಂ ಹ್ಯೂಸ್ ನೇತೃತ್ವದ ತಂಡ ಕಾರ್ಡಿಯೋಲಿಪಿನ್‌ನ ವಿರುದ್ಧವಾದ ಪ್ರತಿಕಾಯಗಳನ್ನು ಸೂಕ್ಷ್ಮವಾಗಿ ಅಳೆಯುವ ವಿಧಾನವನ್ನು ರೂಪಿಸಿ, ಈ ಎಲ್ಲ ಲಕ್ಷಣಗಳೂ ಆ ಪ್ರತಿಕಾಯಗಳ ಸುತ್ತ ಹೆಣೆದುಕೊಂಡಿವೆಯೆಂದು ತೋರಿಸಿತು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಇಂದು ಕರೆಯುವ ಈ ಸ್ಥಿತಿಗೆ ಚಿಕಿತ್ಸೆಯಿದೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್‌ಗಳಿಂದ ಗರ್ಭವನ್ನು ಉಳಿಸಿಕೊಂಡ ತಾಯಂದಿರು ಎಷ್ಟೋ ಮಂದಿ. 'ಬಸಿರು ನಿಲ್ಲದವಳು' ಎಂದು ಮನೆಯವರಿಂದ ಅನ್ನಿಸಿಕೊಂಡ ನಮ್ಮ ಹಿಂದಿನ ತಲೆಮಾರಿನ ಹೆಂಗಸರಲ್ಲಿ ಎಷ್ಟು ಜನರ ರಕ್ತದಲ್ಲಿ ಈ ಪ್ರತಿಕಾಯವಿತ್ತೋ, ಲೆಕ್ಕವಿಟ್ಟವರಿಲ್ಲ.

1990ರಲ್ಲಿ ಇನ್ನೊಂದು ಭೇದ ಕಂಡುಬಂದಿತು. ಸಿಫಿಲಿಸ್‌ನ ಪ್ರತಿಕಾಯಗಳು ಕಾರ್ಡಿಯೋಲಿಪಿನ್‌ಅನ್ನು ನೇರವಾಗಿ ಹಿಡಿಯುತ್ತವೆ. ಈ ಸಿಂಡ್ರೋಮ್‌ನ ಪ್ರತಿಕಾಯಗಳಿಗಾದರೋ ರಕ್ತದಲ್ಲಿರುವ ಒಂದು ಪ್ರೋಟೀನ್‌ನ ನೆರವು ಬೇಕು. ಆ ಪ್ರೋಟೀನ್‌ನ ಕೆಲವು ತುಣುಕುಗಳು ಕೆಲವು ರೋಗಾಣುಗಳ ಪ್ರೋಟೀನ್ ತುಣುಕುಗಳನ್ನು ಹೋಲುತ್ತವೆಂದೂ, ಅಂತಹ ರೋಗಾಣುಗಳನ್ನು ಇಲಿಗಳಿಗೆ ಚುಚ್ಚಿದಾಗ ಇದೇ ಬಗೆಯ ಪ್ರತಿಕಾಯಗಳು ಹುಟ್ಟುತ್ತವೆಂದೂ 2002ರ ಪ್ರಯೋಗಗಳು ತೋರಿಸಿದವು. ವೇಷ ಒಂದೇ ಆದಾಗ ಕಾವಲುಗಾರ ಕಳ್ಳನನ್ನೂ ಮನೆಯವನನ್ನೂ ಒಟ್ಟಿಗೇ ಹೊಡೆಯುವಂತೆ ಇದು. ಪುಣೆಯಲ್ಲಿರುವ ನಮ್ಮ ಓದುಗರು 2025ರ ಜನವರಿಯಲ್ಲಿ ಇದರ ಒಂದು ರೂಪವನ್ನು ಹತ್ತಿರದಿಂದ ಕಂಡಿದ್ದಾರೆ. ಆ ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಶಂಕಿತವಾದ ಗಿಯಾನ್-ಬಾರೆ ಸಿಂಡ್ರೋಮ್‌ನಲ್ಲಿ, ಹಲವು ರೋಗಿಗಳ ಮಲದಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಸಿಕ್ಕಿತು. ಆ ಬ್ಯಾಕ್ಟೀರಿಯದ ಹೊರಮೈಯ ಸಕ್ಕರೆಯಂಶವು ನಮ್ಮ ನರಗಳ ಹೊರಮೈಯನ್ನು ಹೋಲುತ್ತದೆ. ಹೊಟ್ಟೆಯ ಸೋಂಕಿನ ವಿರುದ್ಧ ಹುಟ್ಟಿದ ಪ್ರತಿಕಾಯ ಕಾಲಿನ ಬಲವನ್ನೇ ಕಸಿಯುವುದು ಹೀಗೆ.

ಈಗ ಮೂಲಪ್ರಶ್ನೆಗೆ ಬರೋಣ. ದೇಹದ ಅಷ್ಟೊಂದು ವಸ್ತುಗಳ ನಡುವೆ ಕಾರ್ಡಿಯೋಲಿಪಿನ್ ಮೇಲೆಯೇ ಏಕೆ ಕಣ್ಣು? ಅದು ದೇಹದಲ್ಲಿ ಎಲ್ಲಿ ವಾಸಿಸುತ್ತದೆಂಬುದರಲ್ಲಿ ಉತ್ತರದ ಒಂದು ಭಾಗವಿದೆ. ಕಾರ್ಡಿಯೋಲಿಪಿನ್‌ನ ಮುಖ್ಯ ನೆಲೆ ಮೈಟೊಕಾಂಡ್ರಿಯದ ಒಳಪೊರೆ. ಉಸಿರಿನ ಆಮ್ಲಜನಕದಿಂದಲೂ ಉಂಡ ಅನ್ನದಿಂದಲೂ ಜೀವಕೋಶಕ್ಕೆ ಬೇಕಾದ ಶಕ್ತಿಯನ್ನು ತಯಾರಿಸುವ ಕಣಗಳು ಇವು. ಬಿಡುವಿಲ್ಲದೆ ಬಡಿಯುವ ಹೃದಯದಲ್ಲಿ ಇವು ಅತ್ಯಧಿಕ. ಆದುದರಿಂದಲೇ ಹಳೆಯ ವೈದ್ಯರಿಗೆ ಹೃದಯದ ಸಾರ ಒಗ್ಗಿತ್ತು. ಕಾರ್ಡಿಯೋಲಿಪಿನ್ ಹೇರಳವಾಗಿ ಸಿಗುವ ಇನ್ನೊಂದು ಜಾಗ ಬ್ಯಾಕ್ಟೀರಿಯಗಳ ಪೊರೆ. ಸಿಫಿಲಿಸ್‌ನ ರೋಗಾಣುವಿನ ಪೊರೆಯಲ್ಲಿಯೂ ಅದಿದೆ.

ಇದು ಆಕಸ್ಮಿಕವಲ್ಲ. 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ ತರುಣ ಜೀವವಿಜ್ಞಾನಿ, ಹತ್ತಾರು ಪತ್ರಿಕೆಗಳು ಹಿಂತಿರುಗಿಸಿದ ನಂತರ ಪ್ರಕಟವಾದ ಲೇಖನವೊಂದರಲ್ಲಿ, ಮೈಟೊಕಾಂಡ್ರಿಯಗಳು ಬಹು ಪುರಾತನ ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದು, ಇನ್ನೊಂದು ಜೀವಕೋಶದ ಒಳಹೊಕ್ಕು ಅಲ್ಲಿಯೇ ನೆಲೆಸಿದವೆಂದು ವಾದಿಸಿದಳು. ಇಂದು ಇದು ಸರ್ವಸಮ್ಮತ. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ಡಿ.ಎನ್.ಎ. ಉಳಿದಿದೆ. 1981ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಅದನ್ನು ಪೂರ್ತಿಯಾಗಿ ಓದಿದಾಗ ಅದರಲ್ಲಿದ್ದ ಅಕ್ಷರಗಳು ಸುಮಾರು 16,569, ವಂಶವಾಹಿಗಳು 37. ಅದು ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ಉಳಿದ ಬಹುತೇಕ ವಂಶವಾಹಿಗಳನ್ನು ಅದು ಆಶ್ರಯ ಕೊಟ್ಟ ಕೋಶದ ನ್ಯೂಕ್ಲಿಯಸ್‌ಗೆ ಒಪ್ಪಿಸಿಬಿಟ್ಟಿದೆ ಅಥವಾ ಕಳೆದುಕೊಂಡಿದೆ. ಪರಊರಿಗೆ ಬಂದು ತಲೆಮಾರುಗಳ ಕಾಲ ನೆಲೆಸಿ, ಅಲ್ಲಿನ ವ್ಯವಹಾರವನ್ನೆಲ್ಲ ತನ್ನದಾಗಿಸಿಕೊಂಡು, ಮನೆಯೊಳಗೆ ಮಾತ್ರ ತಾಯಿಯ ಮಾತನ್ನು ಉಳಿಸಿಕೊಂಡವರಿಗೆ ಈ ಸ್ಥಿತಿ ಅಪರಿಚಿತವೇನಲ್ಲ.

ಹೀಗೆ ಒಳಗಿದ್ದಷ್ಟು ಕಾಲ ಮೈಟೊಕಾಂಡ್ರಿಯ ಮನೆಯ ಆಳು. ಜೀವಕೋಶ ಒಡೆದು ಅದು ಹೊರಚೆಲ್ಲಿದರೆ ದೇಹದ ಕಾವಲಿಗೆ ಅದರ ಹಳೆಯ ಮುಖವೇ ಕಾಣುತ್ತದೆ. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರ ರಕ್ತದಲ್ಲಿ ಮೈಟೊಕಾಂಡ್ರಿಯದ ಡಿ.ಎನ್.ಎ. ಹಾಗೂ ಪ್ರೋಟೀನ್ ತುಣುಕುಗಳು ಹರಿದಾಡುತ್ತ, ಯಾವ ಬ್ಯಾಕ್ಟೀರಿಯವೂ ಇಲ್ಲದೆಯೇ ಸೋಂಕಿನಂತಹ ಉರಿಯೂತವನ್ನು ಎಬ್ಬಿಸುತ್ತವೆಂದು 2010ರಲ್ಲಿ ಬಾಸ್ಟನ್ನಿನ ವೈದ್ಯರು ತೋರಿಸಿದರು. ಹಾಳಾದ ಮೈಟೊಕಾಂಡ್ರಿಯದಲ್ಲಿ ಒಳಪೊರೆಯ ಕಾರ್ಡಿಯೋಲಿಪಿನ್ ಹೊರಪೊರೆಗೆ ಸರಿದು ಬಂದು, ತನ್ನನ್ನು ವಿಲೇವಾರಿ ಮಾಡಿರೆಂಬ ಗುರುತಾಗಿ ನಿಲ್ಲುತ್ತದೆಂದು 2013ರಲ್ಲಿ ತಿಳಿಯಿತು. 2016ರಲ್ಲಿ ಎರಡು ತಂಡಗಳು, ಲೂಪಸ್ ರೋಗಿಗಳ ಬಿಳಿರಕ್ತಕಣಗಳು ಹಾನಿಗೊಂಡ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಹೊರಚೆಲ್ಲುತ್ತವೆಂದೂ, ಅದರಿಂದ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂಕೇತ ಮೊಳಗುತ್ತದೆಂದೂ ವರದಿ ಮಾಡಿದವು. ಇಂಟರ್‌ಫೆರಾನ್ ವೈರಸ್ ಬಂದಾಗ ದೇಹ ಊದುವ ಕಹಳೆ. ಬಲಿಯುವಾಗ ಮೈಟೊಕಾಂಡ್ರಿಯಗಳನ್ನೆಲ್ಲ ಹೊರಹಾಕಬೇಕಾದ ಕೆಂಪು ರಕ್ತಕಣಗಳು ಕೆಲವು ಲೂಪಸ್ ರೋಗಿಗಳಲ್ಲಿ ಅವನ್ನು ಉಳಿಸಿಕೊಂಡಿರುತ್ತವೆಂದು 2021ರಲ್ಲಿ ಕಂಡುಬಂದಿತು. ಲೂಪಸ್‌ನ ದೇಹ, ಶತ್ರುವಿಲ್ಲದ ಕೋಟೆಯಲ್ಲಿ ಯುದ್ಧಭೇರಿ ನಿಲ್ಲದಂತೆ, ಒಂದು ಮುಗಿಯದ ಸೋಂಕನ್ನು ಎದುರಿಸುತ್ತಿರುವಂತೆ ವರ್ತಿಸುತ್ತದೆ.

ಹಾಗಾದರೆ ಸೋಂಕು ಎಲ್ಲರಿಗೂ ತಗುಲುತ್ತದೆ, ಮೈಟೊಕಾಂಡ್ರಿಯ ಎಲ್ಲರಲ್ಲಿಯೂ ಇದೆ. ರೋಗ ಕೆಲವರಿಗೆ ಮಾತ್ರ ಏಕೆ? ಇಲ್ಲಿ ವಂಶವಾಹಿಯ ಮಾತು ಬರುತ್ತದೆ. ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಓ'ಕಾನರ್ ಹದಿನೈದರ ಹುಡುಗಿಯಾಗಿದ್ದಾಗ, 1941ರಲ್ಲಿ, ಅವಳ ತಂದೆ ಲೂಪಸ್‌ನಿಂದ ತೀರಿಕೊಂಡನು. ಅದೇ ರೋಗ ಇಪ್ಪತ್ತೈದರ ಹರೆಯದಲ್ಲಿ ಅವಳನ್ನೂ ಹಿಡಿಯಿತು. 1964ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ಇಂತಹ ಉದಾಹರಣೆಗಳನ್ನು ಕಂಡಾಗ 'ಮನೆತನದ ರೋಗ' ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಆದರೆ ಚರಿತ್ರೆ ಇಲ್ಲಿಯೂ ನಿಧಾನಿಸಿ ನೋಡಿರೆನ್ನುತ್ತದೆ. 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲಿಸ್‌ನ ವೈದ್ಯರು, ಬೆನ್ನುಹುರಿ ಸೆಡೆತುಕೊಳ್ಳುವ ಸ್ಪಾಂಡಿಲೈಟಿಸ್ ರೋಗಿಗಳಲ್ಲಿ ಬಹುಪಾಲು ಮಂದಿಗೆ ಎಚ್.ಎಲ್.ಎ.-ಬಿ27 ಎಂಬ ವಂಶವಾಹಿಯ ರೂಪವಿದೆಯೆಂದು ಕಂಡುಹಿಡಿದರು. ಆದರೆ ಆ ರೂಪವುಳ್ಳವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಆ ರೋಗ ಬರುವುದೇ ಇಲ್ಲ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೆ ಇನ್ನೊಬ್ಬರಿಗೂ ಬರಲೇಬೇಕೆಂದಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಒಂದು ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ಶೋಧಿಸಿ, ಎಪ್‌ಸ್ಟೈನ್-ಬಾರ್ ವೈರಸ್ ತಗುಲಿದ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸಂಭವ 32 ಪಟ್ಟು ಏರುತ್ತದೆಂದು ಹೇಳಿತು. ಆದರೆ ವಯಸ್ಕರಲ್ಲಿ ಬಹುತೇಕ ಎಲ್ಲರಲ್ಲಿಯೂ ಆ ವೈರಸ್ ಇದೆ. ಆ ನರರೋಗ ಬರುವವರು ತೀರ ವಿರಳ.

ಇನ್ನೂ ಒಂದು ಮಾತು. ಇಂತಹ ವಂಶವಾಹಿಗಳು ನಮ್ಮಲ್ಲಿ ಉಳಿದುಬಂದದ್ದಾದರೂ ಏಕೆ? ರೋಗನಿರೋಧಕ ಕಣಗಳ ಉತ್ಸಾಹಕ್ಕೆ ಕಡಿವಾಣ ಹಾಕುವ ವಂಶವಾಹಿಯೊಂದರ ಸಡಿಲವಾದ ರೂಪವು ಲೂಪಸ್‌ನ ಸಂಭವವನ್ನು ಹೆಚ್ಚಿಸುತ್ತದೆ. ಅದೇ ರೂಪವು ತೀವ್ರ ಮಲೇರಿಯಾದಿಂದ ಮಕ್ಕಳನ್ನು ಕಾಪಾಡುತ್ತದೆಂದು 2010ರಲ್ಲಿ ತೋರಿಸಲಾಯಿತು. ಆಫ್ರಿಕ ಮತ್ತು ಏಷ್ಯಾದ ಜನರಲ್ಲಿ ಅದು ಯುರೋಪಿನವರಿಗಿಂತ ಹೆಚ್ಚಾಗಿ ಕಾಣುತ್ತದೆ. ಇಂದು ಮೊಮ್ಮಗಳ ಕೀಲುಗಳನ್ನು ನೋಯಿಸುವ ವಂಶವಾಹಿಯೇ ಎಂದೋ ಒಂದು ಮಳೆಗಾಲದಲ್ಲಿ ಅವಳ ಪೂರ್ವಜರೊಬ್ಬರನ್ನು ಜ್ವರದಿಂದ ಬದುಕಿಸಿರಬಹುದು. ಕಳಂಕವೆಂದು ನಾವು ಕರೆಯುವುದು ಒಂದು ಕಾಲದ ರಕ್ಷೆಯೂ ಆಗಿದ್ದೀತು.

ಆದ್ದರಿಂದ 'ಸಂಬಂಧ' ಮತ್ತು 'ಕಾರಣ' ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ಬಳಸುವುದನ್ನು ನಾವು ಕಲಿಯಬೇಕು. ಸೋಂಕು, ಮೈಟೊಕಾಂಡ್ರಿಯದ ಬದಲಾವಣೆ ಮತ್ತು ವಂಶವಾಹಿ ಇವು ಒಂದೇ ರೋಗದ ಬಾಗಿಲಿನ ಬೇರೆ ಬೇರೆ ಅಗುಳಿಗಳು. ಯಾವುದೊಂದು ಸರಿದರೂ ಬಾಗಿಲು ತೆರೆದೇಬಿಡುವುದಿಲ್ಲ. ಮೈಟೊಕಾಂಡ್ರಿಯವನ್ನು ಬಲಪಡಿಸಿ ಲೂಪಸ್ ಗುಣಪಡಿಸುತ್ತೇವೆನ್ನುವ ಪುಡಿ ಮಾತ್ರೆಗಳ ಜಾಹೀರಾತುಗಳು ನಮ್ಮ ಮೊಬೈಲುಗಳಿಗೆ ಬರುತ್ತಲೇ ಇವೆ. ಅವುಗಳನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಿದವರು ತೆರುವ ಬೆಲೆ ಒಮ್ಮೊಮ್ಮೆ ಮೂತ್ರಪಿಂಡವೇ ಆಗುತ್ತದೆ. ಅತ್ತ, ಹೆಣ್ಣು ನೋಡಲು ಬಂದವರೆದುರು ಮಗಳ ಕೀಲುನೋವನ್ನು ಬಚ್ಚಿಡುವ ತಂದೆತಾಯಿಯರೂ, ಒಂದು ರಕ್ತಪರೀಕ್ಷೆಯ ಚೀಟಿ ಕಂಡು ಮಾತು ಮುರಿಯುವ ಬೀಗರೂ ನಮ್ಮ ನಡುವೆಯೇ ಇದ್ದಾರೆ. ಊರು ಬಿಟ್ಟು ಬಂದ ನಮ್ಮ ಸಣ್ಣ ಸಮಾಜಗಳಲ್ಲಿ ಸಂಬಂಧ ಬೆಳೆಸುವ ಮನೆಗಳು ಎಣಿಕೆಗೆ ಸಿಗುವಷ್ಟು. ಸುದ್ದಿ ಮಾತ್ರ ಒಂದೇ ದಿನದಲ್ಲಿ ಎಲ್ಲ ಮನೆಗಳನ್ನೂ ಮುಟ್ಟುತ್ತದೆ.

ವಿ.ಡಿ.ಆರ್.ಎಲ್. ಪರೀಕ್ಷೆಯನ್ನು ಬಿಟ್ಟುಬಿಡಬೇಕೆಂದು ಈ ಚರಿತ್ರೆ ಹೇಳುವುದಿಲ್ಲ. ಗರ್ಭಿಣಿಯ ಸಿಫಿಲಿಸ್‌ಅನ್ನು ಹೊತ್ತಿಗೆ ಮುಂಚೆ ಕಂಡುಹಿಡಿದರೆ ಪೆನಿಸಿಲಿನ್‌ನಿಂದ ತಾಯಿಯನ್ನೂ ಮಗುವನ್ನೂ ಉಳಿಸಬಹುದು. ಅದು ಈ ಅಗ್ಗದ ಪರೀಕ್ಷೆ ಮಾಡಿರುವ ದೊಡ್ಡ ಉಪಕಾರ. ಚರಿತ್ರೆ ಹೇಳುವುದು ಇಷ್ಟೇ: ಆ ಚೀಟಿಯಲ್ಲಿ 'ರಿಯಾಕ್ಟಿವ್' ಎಂದಿದ್ದರೆ, ಟಿ.ಪಿ.ಎಚ್.ಎ.ಯಂತಹ, ರೋಗಾಣುವನ್ನೇ ಗುರಿಯಾಗಿಸಿದ ಎರಡನೆಯ ಪರೀಕ್ಷೆ ನಡೆಯುವವರೆಗೆ ಯಾರ ಮೇಲೂ ಯಾವ ಮಾತನ್ನೂ ಹೊರಿಸಬಾರದು. ಎರಡನೆಯದು 'ಇಲ್ಲ' ಎಂದರೆ ನಿಟ್ಟುಸಿರು ಬಿಟ್ಟು ಕಾಗದವನ್ನು ಹರಿದೆಸೆಯಲೂ ಬಾರದು. ಆ ಹೆಂಗಸಿಗೆ ಕೀಲುನೋವಿದೆಯೇ, ಹಿಂದೆ ಗರ್ಭ ನಿಲ್ಲದೆ ಹೋಗಿತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ವೈದ್ಯರೊಡನೆ ಕುಳಿತು ವಿಚಾರಿಸಬೇಕು. ಮೂರ್ ಎಂಬ ಆ ವೈದ್ಯ 1952ರಲ್ಲಿ ಮಾಡಿದ್ದೂ ಇದನ್ನೇ. ಅವನು ಚೀಟಿಯನ್ನು ಓದಿ ಸುಮ್ಮನಾಗಲಿಲ್ಲ, ಚೀಟಿಯ ಹಿಂದಿದ್ದ ಹೆಂಗಸರನ್ನು ವರ್ಷಗಳ ಕಾಲ ಮರಳಿ ಮರಳಿ ಕರೆದು ಹೇಗಿದ್ದೀರಿ ಎಂದು ಕೇಳಿದನು.